ಮಂತ್ರಿ ಅನ್ನೋ ಪದ ಎಲ್ಲಿಂದ ಬಂತು? ಮಂತ್ರಕ್ಕೂ ಮಂತ್ರಿಗೂ ಏನ್ ಸಂಬಂಧ?

ಹುಣಸೂರಿನ_ಸೊಸೆ

ಎಲ್ರಿಗೂ ನಮಸ್ಕಾರ. ಎರಡು ದಿನದಿಂದ ನಮ್ಮನೇಲಿ ಒಂದೇ ಒಂದು ಪದದ ಮೇಲೆ ಚರ್ಚೆ ನಡೀತಾ ಇದೆ, ಇಲ್ಲಿ ಭಾಷೆ ಬಗ್ಗೆ ತಿಳ್ಕೊಂಡಿರೋರು ಇದೀರಲ್ಲ ಅಂತ ಕೇಳ್ತಾ ಇದೀನಿ. ನನ್ ಮಗನಿಗೆ ಒಂಬತ್ತು ವರ್ಷ, ಚೆಸ್ ಕ್ಲಾಸಿಗೆ ಹೋಗ್ತಾನೆ, ಮನೆಗೆ ಬಂದು ಅವರ ತಾತನ ಜೊತೆ ಆಡ್ತಾನೆ. ಕ್ಲಾಸಲ್ಲಿ ಕ್ವೀನ್ ಅಂತ ಹೇಳ್ಕೊಟ್ಟಿರೋ ಕಾಯಿನ ನಮ್ ಮಾವನವರು ಮೊದಲಿಂದ್ಲೂ ಮಂತ್ರಿ ಅಂತಾನೇ ಕರೆಯೋದು. "ರಾಜನ ಪಕ್ಕ ನಿಲ್ಲೋನು ಮಂತ್ರಿ ಪುಟ್ಟಾ, ನಮ್ಮೂರಲ್ಲಿ ಯಾರೂ ರಾಣಿ ಅಂದಿದ್ದು ನಾನು ಕೇಳಿಲ್ಲ" ಅಂದ್ರು. ಅದಕ್ಕೆ ಮಗ ಕೇಳಿದ, "ತಾತ, ಮಂತ್ರಿ ಅಂದ್ರೆ ಮಂತ್ರ ಹೇಳೋರಾ, ಪೂಜೆ ಮಾಡ್ಸೋರ ಥರ?" ಅಂತ. ಮಾವನವರು ಸುಮ್ನಾಗ್ಬಿಟ್ರು, ನನ್ನ ಮುಖ ನೋಡಿದ್ರು, ನನಗೂ ಉತ್ತರ ಬರ್ಲಿಲ್ಲ.

ನಮ್ ಯಜಮಾನ್ರು ಹೇಳೋದು ಮಿನಿಸ್ಟರ್ ಅನ್ನೋದನ್ನೇ ನಾವು ಮಂತ್ರಿ ಮಾಡ್ಕೊಂಡಿದೀವಿ ಅಂತ, ಎರಡೂ ಕೇಳೋಕೆ ಒಂದೇ ಥರ ಇದೆ ಅನ್ನೋದು ಅವರ ವಾದ. ಹಂಗಾದ್ರೆ ರಾಮಾಯಣ ಮಹಾಭಾರತದಲ್ಲಿ ಮಂತ್ರಿ ಎಲ್ಲಿಂದ ಬಂದ್ರು ಅಂತ ನಾನ್ ಕೇಳ್ದೆ. ಇನ್ನೊಂದು, ಪೇಪರಲ್ಲಿ ಮುಖ್ಯಮಂತ್ರಿ ಅಂತಾರೆ ಆದ್ರೆ ಶಿಕ್ಷಣ ಸಚಿವ, ಗೃಹ ಸಚಿವ ಅಂತಾರೆ, ಎರಡೂ ಒಂದೇನಾ ಬೇರೆ ಬೇರೆನಾ? ಸುಮ್ನೆ ಊಹೆ ಮಾಡಿ ಹೇಳ್ಬೇಡಿ ದಯವಿಟ್ಟು, ಮಗು ನಾಳೆ ಕ್ಲಾಸಲ್ಲಿ ಹೋಗಿ ಅದನ್ನೇ ಹೇಳುತ್ತೆ, ಸರಿಯಾಗಿರೋದನ್ನೇ ಹೇಳ್ಕೊಡ್ಬೇಕು ಅಂತ ನನ್ನಾಸೆ.

ನಿವೃತ್ತ_ಮೇಷ್ಟ್ರು

ತಾಯಿ, ನಿಮ್ ಮಗ ಕೇಳಿದ ಪ್ರಶ್ನೆ ಬಹಳ ಒಳ್ಳೇ ಪ್ರಶ್ನೆ, ಅರ್ಧ ಉತ್ತರ ಆ ಪ್ರಶ್ನೇಲೇ ಇದೆ. ಹೌದು, ಮಂತ್ರಿ ಬಂದಿರೋದು ಮಂತ್ರದಿಂದ್ಲೇ. ಆದ್ರೆ ಆ ಮಂತ್ರ ದೇವರ ಮನೇಲಿ ಹೇಳೋ ಮಂತ್ರ ಅಲ್ಲ.

ಸಂಸ್ಕೃತದಲ್ಲಿ 'ಮನ್' ಅಂತ ಧಾತು, ಯೋಚನೆ ಮಾಡು ಅಂತ ಅರ್ಥ. ಮನಸ್ಸು, ಮತಿ, ಮನನ, ಎಲ್ಲ ಅದರದ್ದೇ ಮಕ್ಕಳು. ಅದಕ್ಕೆ 'ತ್ರ' ಸೇರಿದ್ರೆ ಮಂತ್ರ, ಈ 'ತ್ರ' ಅನ್ನೋದು ಸಾಧನ ಅನ್ನೋ ಅರ್ಥ ಕೊಡುತ್ತೆ. ನೇತ್ರ ಅಂದ್ರೆ ದಾರಿ ತೋರಿಸೋ ಸಾಧನ, ಶಸ್ತ್ರ ಅಂದ್ರೆ ಕಡಿಯೋ ಸಾಧನ, ಹಂಗೇ ಮಂತ್ರ ಅಂದ್ರೆ ಯೋಚನೆಯ ಸಾಧನ. ಈ ಯೋಚನೆ ಒಬ್ಬನೇ ಕೂತು ದೇವರ ಕಡೆ ಮಾಡಿದ್ರೆ ಪೂಜೆಯ ಮಂತ್ರ ಆಯ್ತು, ನಾಲ್ಕು ಜನ ಕೂತು ಒಂದು ಕೆಲಸದ ಬಗ್ಗೆ ಮಾಡಿದ್ರೆ ಅದೂ ಮಂತ್ರವೇ, ಸಮಾಲೋಚನೆ ಅನ್ನೋ ಅರ್ಥದಲ್ಲಿ. ಈ ಎರಡನೇ ಅರ್ಥ ಆಮೇಲೆ ಹುಟ್ಟಿಕೊಂಡಿದ್ದು ಅಂದ್ಕೋಬೇಡಿ. ಋಗ್ವೇದದ ಕೊನೇ ಸೂಕ್ತದಲ್ಲೇ "ಸಮಾನೋ ಮಂತ್ರಃ ಸಮಿತಿಃ ಸಮಾನೀ" ಅಂತ ಬರುತ್ತಲ್ಲ, ಎಷ್ಟೋ ಸಭೆಗಳಲ್ಲಿ ಅದನ್ನ ಹೇಳ್ತಾರೆ, ಅಲ್ಲಿ ಮಂತ್ರ ಅಂದ್ರೆ ಆಲೋಚನೆ, ನಮ್ಮೆಲ್ರ ಆಲೋಚನೆ ಒಂದಾಗಿರ್ಲಿ, ಸಭೆ ಒಂದಾಗಿರ್ಲಿ ಅಂತ. ಆ ಮಂತ್ರ ಯಾರ ಹತ್ರ ಇದೆಯೋ ಅವನು ಮಂತ್ರಿ, ಧನ ಇರೋನು ಧನಿ, ಗುಣ ಇರೋನು ಗುಣಿ ಇದ್ದ ಹಾಗೆ. ಮಗುವಿಗೆ ಹೇಳೋದಾದ್ರೆ "ರಾಜನ ಜೊತೆ ಕೂತು ಯೋಚನೆ ಮಾಡೋನು" ಅಂದ್ರೆ ಸಾಕು, ತಪ್ಪಾಗಲ್ಲ.

ಈಗ ನಮ್ಮ ಆಡುಮಾತಲ್ಲಿ ಮಂತ್ರಕ್ಕೆ ಆ ಹಳೇ ಅರ್ಥ ಉಳಿದಿಲ್ಲ. "ಮಂತ್ರಕ್ಕೆ ಮಾವಿನಕಾಯಿ ಉದುರುತ್ತಾ" ಅಂತೀವಿ, "ಮಂತ್ರಕ್ಕಿಂತ ಉಗುಳೇ ಜಾಸ್ತಿ" ಅಂತೀವಿ, ಎರಡೂ ಜಪದ ಮಂತ್ರವೇ. ಆದ್ರೆ ಸಮಾಸಗಳಲ್ಲಿ ಅದು ಕೂತಿದೆ, ಮಂತ್ರಾಲೋಚನೆ ಅಂತೀವಲ್ಲ, ಅದರಲ್ಲಿ. ಹಳಗನ್ನಡದಲ್ಲಿ ಇನ್ನೂ ಚೆಂದದ ರೂಪ ಇದೆ, ಮಂತಣ ಅಂತ, ಮಂತ್ರಣದ ತದ್ಭವ, ಗುಟ್ಟಾಗಿ ಕೂತು ಆಲೋಚನೆ ಮಾಡೋದು ಅಂತ ಅರ್ಥ. ಎಂಥ ಒಳ್ಳೇ ಮಾತು ಅದು, ಈಗ ಬಳಕೆ ಕಮ್ಮಿ ಆಗಿದೆ ಅನ್ನೋದು ನನಗೆ ನಿಜವಾಗ್ಲೂ ಬೇಜಾರು, "ಕ್ಲೋಸ್ಡ್ ಡೋರ್ ಮೀಟಿಂಗ್" ಅಂತ ಬರೆಯೋ ಕಡೆ ಮಂತಣ ಅಂತ ಬರೆದ್ರೆ ಎಷ್ಟು ಚೊಕ್ಕ ಇರುತ್ತೆ.

ತುಂಗಾತೀರ

ಮಿನಿಸ್ಟರ್ ಅನ್ನೋದೇ ನಮ್ಮ ಮಂತ್ರಿಯಿಂದ ಹೋಗಿರೋದು ಅಂತ ಎಲ್ಲೋ ಓದಿದ್ದೆ, ಅಂದ್ರೆ ನಿಮ್ ಯಜಮಾನ್ರು ಹೇಳಿದ್ದು ಉಲ್ಟಾ, ಅಷ್ಟೇ. ಮ ನ ತ ರ ನಾಲ್ಕೂ ಅಕ್ಷರ ಕೂಡ್ತವೆ ನೋಡಿ.

ನಿವೃತ್ತ_ಮೇಷ್ಟ್ರು

ಇಲ್ಲ ಸ್ವಾಮಿ, ಎರಡು ಕಡೆಯಿಂದ್ಲೂ ಸಂಬಂಧ ಇಲ್ಲ. ಮಿನಿಸ್ಟರ್ ಲ್ಯಾಟಿನ್ ಪದ, ಅಲ್ಲಿ ಅದರ ಅರ್ಥ ಸೇವಕ, ಆಳು. ಕಮ್ಮಿ, ಚಿಕ್ಕದು ಅನ್ನೋ 'ಮೈನಸ್' ಇದೆಯಲ್ಲ ಗಣಿತದಲ್ಲಿ, ಅದರ ನೆಂಟ ಅದು, ಯಜಮಾನನಿಗಿಂತ ಕೆಳಗಿರೋನು ಅಂತ. ಅದಕ್ಕೇ ಚರ್ಚಲ್ಲಿ ಸೇವೆ ಮಾಡೋ ಪಾದ್ರಿಗೂ ಮಿನಿಸ್ಟರ್ ಅಂತಾರೆ. ಒಂದು ಪದ ಸೇವೆ ಕಡೆಯಿಂದ ಬಂತು, ಇನ್ನೊಂದು ಯೋಚನೆ ಕಡೆಯಿಂದ ಬಂತು, ಬ್ರಿಟಿಷರ ಕಾಲದಲ್ಲಿ ಭಾಷಾಂತರ ಮಾಡುವಾಗ ಎರಡೂ ಒಂದೇ ಕುರ್ಚಿ ಮೇಲೆ ಕೂತವು. ಸದ್ದು ಒಂದೇ ಥರ ಇರೋದನ್ನ ನೋಡಿ ನಂಟು ಹಾಕೋಕೆ ಹೋದ್ರೆ ನಮ್ಮ ಭಾಷೇಲೇ ಎಡವುತೀವಿ. ಸಲಹೆ ಅನ್ನೋ ಪದಾನೇ ತಗೊಳ್ಳಿ, "ದೇವರು ಸಲಹಲಿ" ಅಂತೀವಲ್ಲ ಆ ಸಲಹು, ಕಾಪಾಡು ಅನ್ನೋದು, ಅದು ಅಚ್ಚ ಕನ್ನಡ. ಸಲಹೆ ಅದರಿಂದ ಬಂದಿರ್ಬೇಕು, ಒಳ್ಳೇ ಮಾತು ಹೇಳಿ ಕಾಪಾಡೋದು ಅಂತ ಯಾರಿಗಾದ್ರೂ ಅನ್ಸುತ್ತೆ. ಆದ್ರೆ ಸಲಹೆ ಅರಬ್ಬಿಯಿಂದ ಪಾರ್ಸಿ ಮೂಲಕ ಬಂದಿರೋದು, ಸಲಾಹ್ ಅಂತ.

ಮಿನಿಸ್ಟರ್ ಅಲ್ಲದೇ ಹೋದ್ರೂ ಯುರೋಪಿನ ಇನ್ನೊಂದು ಪದ ಹತ್ರದ್ದು, ಈಗ ಎಲ್ಲ ಆಫೀಸಲ್ಲೂ ಮೆಂಟರ್ ಅಂತಾರಲ್ಲ, ಹೊಸಬರಿಗೆ ಬುದ್ಧಿ ಹೇಳ್ಕೊಡೋರು. ಅದು ಗ್ರೀಕ್ ಕಾವ್ಯದಲ್ಲಿ ಒಬ್ಬನ ಹೆಸರು, ಒಡಿಸಿಯಸ್ ಯುದ್ಧಕ್ಕೆ ಹೋಗುವಾಗ ಮನೆ ಜವಾಬ್ದಾರಿನ ಈ ಮೆಂಟರ್‌ಗೆ ವಹಿಸಿ ಹೋಗ್ತಾನೆ, ಅಥೀನಾ ದೇವತೆ ಅವನ ವೇಷದಲ್ಲೇ ಬಂದು ಒಡಿಸಿಯಸ್ಸನ ಮಗನಿಗೆ ದಾರಿ ತೋರಿಸ್ತಾಳೆ. 1699ರಲ್ಲಿ ಫ್ರೆಂಚಲ್ಲಿ ಫೆನೆಲಾನ್ ಅನ್ನೋರು ಆ ಮಗನ ಕಥೆ ಬರೆದ್ರು, ಅದರಲ್ಲಿ ಮೆಂಟರ್ ಪಾತ್ರ ದೊಡ್ಡದು, ಅಲ್ಲಿಂದ್ಲೇ ಅದು ಅಂಕಿತನಾಮದಿಂದ ಸಾಮಾನ್ಯ ಪದ ಆಗಿದ್ದು. ಆ ಹೆಸರಿನ ಬುಡದಲ್ಲೂ ನಮ್ಮ 'ಮನ್' ಧಾತುವಿನ ನೆಂಟನೇ ಇದಾನೆ, ಸಂಸ್ಕೃತದ ಮಂತೃ, ಅಂದ್ರೆ ಯೋಚಿಸೋನು, ಅದೂ ಇದೂ ಒಂದೇ ಅಚ್ಚು ಅಂತ ನಿರುಕ್ತದೋರು ತೋರಿಸ್ತಾರೆ.

ಕೆಎಲ್_ಕನ್ನಡಿಗ

ನಾನು ಕೌಲಾಲಂಪುರದಲ್ಲಿ ಕೆಲಸ ಮಾಡ್ತಾ ಇದೀನಿ, ಈ ಪ್ರಶ್ನೆ ನೋಡಿ ತಡ್ಕೊಳ್ಳೋಕಾಗ್ಲಿಲ್ಲ ಬರೀತಾ ಇದೀನಿ. ಇಲ್ಲಿಗೆ ಬಂದ ಹೊಸದ್ರಲ್ಲಿ ಟೀವಿ ನ್ಯೂಸಲ್ಲಿ ಕೆಳಗೆ ಓಡೋ ಸಾಲಲ್ಲಿ "ಪರ್ದಾನ ಮಂತ್ರಿ" ಅಂತ ಕಾಣ್ತು, ನಮ್ಮ ದೇಶದ ಸುದ್ದಿ ಅಂದ್ಕೊಂಡೆ, ನೋಡಿದ್ರೆ ಮಲೇಷ್ಯಾದ ಪ್ರಧಾನಿಗೇ ಮಲಯ್ ಭಾಷೇಲಿ ಹಂಗನ್ನೋದು, ಪರ್ದಾನ ಮೆಂತೆರಿ. ಪ್ರಧಾನ ಮಂತ್ರಿನೇ ಅದು, ಒಂದಕ್ಷರ ಆ ಕಡೆ ಈ ಕಡೆ. ಅವತ್ತು ನನಗಾದ ಖುಷಿ ಹೇಳೋಕಾಗಲ್ಲ, ಊರಿಂದ ಇಷ್ಟು ದೂರ ಬಂದ್ರೆ ನಮ್ಮನೆ ಪದ ಇಲ್ಲಿ ಮೊದ್ಲೇ ಬಂದು ಕೂತಿದೆ ಅನ್ನಿಸ್ತು. ಇಂಡೊನೇಷ್ಯಾದಲ್ಲೂ ಮೆಂತೆರಿ, ಥಾಯ್ಲೆಂಡಲ್ಲಿ ರತ್ತಮೊಂತ್ರಿ, ಅಂದ್ರೆ ರಾಷ್ಟ್ರಮಂತ್ರಿ, ಅವರ ಪ್ರಧಾನಿ ಅಂದ್ರೆ ಅದರ ಮುಂದೆ ನಾಯೋಕ್, ನಾಯಕ ಅಂತ ಸೇರಿಸ್ತಾರೆ. ಇನ್ನೊಂದು ಕೇಳಿ, ಜಾವಾದಲ್ಲಿ ಡಚ್ಚರ ಕಾಲದಿಂದ ಕೆಳಹಂತದ ಸರ್ಕಾರಿ ನೌಕರನಿಗೆ ಮಂತ್ರಿ ಅನ್ನೋ ರೂಢಿ, ಈಗ್ಲೂ ಅಲ್ಲಿ ಹಳ್ಳಿಗೆ ಬಂದು ಇಂಜೆಕ್ಷನ್ ಕೊಡೋ ಗಂಡು ನರ್ಸಿಗೆ ಮಂತ್ರಿ ಅಂತಾರೆ. ನನ್ನ ಜೊತೆ ಕೆಲಸ ಮಾಡೋ ಜಾವಾದ ಹುಡುಗ ನಮ್ಮೂರಿನ ಮಂತ್ರಿ ಬಹಳ ಒಳ್ಳೇ ಮನುಷ್ಯ, ಜ್ವರ ಬಂದ್ರೆ ರಾತ್ರಿ ಹೊತ್ತೂ ಬರ್ತಿದ್ರು ಅಂದಾಗ ನಾನು ಯಾವ್ದೋ ದೊಡ್ಡ ರಾಜಕಾರಣಿ ಮನೆ ಹುಡುಗ ಅಂದ್ಕೊಂಡಿದ್ದೆ.

ಆದ್ರೆ ದೊಡ್ಡ ಕಥೆ ಇರೋದು ಮುಂದೆ. 1511ರಲ್ಲಿ ಪೋರ್ಚುಗೀಸರು ಮಲಾಕ್ಕಾ ಹಿಡಿದ್ರಲ್ಲ, ಇಲ್ಲಿಂದ ಎರಡು ಗಂಟೆ ದಾರಿ ಆ ಊರು, ಹೋಗಿ ನೋಡಿ ಬಂದಿದೀನಿ. ಅವರು ಇಲ್ಲಿನ ಅಧಿಕಾರಿಗಳಿಗೆ ಜನ ಮೆಂತೆರಿ ಅನ್ನೋದನ್ನ ಕೇಳಿ ತಮ್ಮ ಬಾಯಲ್ಲಿ ಮಂದರಿಂ ಮಾಡ್ಕೊಂಡ್ರು, ಅವರ ಭಾಷೇಲಿ ಮಂದಾರ್ ಅಂದ್ರೆ ಆಜ್ಞೆ ಮಾಡು ಅಂತ ಇದೆ, ಅದರ ಸದ್ದೂ ಇದಕ್ಕೆ ಅಂಟ್ಕೊಳ್ತು. ಆಮೇಲೆ ಚೀನಾಕ್ಕೆ ಹೋದ್ಮೇಲೆ ಅಲ್ಲಿನ ದೊಡ್ಡ ದೊಡ್ಡ ಅಧಿಕಾರಿಗಳಿಗೆಲ್ಲ ಅದೇ ಹೆಸರು ಹಾಕಿದ್ರು. ಚೀನೀಯರು ತಮ್ಮ ಆಡಳಿತದ ಭಾಷೆಗೆ ಗ್ವಾನ್‌ಹ್ವಾ, ಅಂದ್ರೆ ಅಧಿಕಾರಿಗಳ ಮಾತು ಅಂತಿದ್ರು, ಯುರೋಪಿನೋರು ಅದನ್ನ ಮ್ಯಾಂಡರಿನ್ನರ ಭಾಷೆ ಅಂದ್ರು, ಕೊನೆಗೆ ಬರೀ ಮ್ಯಾಂಡರಿನ್ ಆಯ್ತು. ಚೀನಾದವರು ಯಾರೂ ತಮ್ಮ ಭಾಷೆಗೆ ಆ ಹೆಸರು ಹೇಳಲ್ಲ, ಅದು ಪೂರ್ತಿ ಹೊರಗಿನೋರು ಹಾಕಿದ್ದು, ಅದರೊಳಗೆ ಇರೋದು ನಮ್ಮ ಮಂತ್ರಿ!

ಆಮೇಲೆ ಚೀನಾ ಕಡೆ ಸಿಪ್ಪೆ ಸಡಿಲ ಇರೋ ಕಿತ್ತಳೆ ಹಣ್ಣಿಗೂ ಯುರೋಪಿನೋರು ಮ್ಯಾಂಡರಿನ್ ಅಂತಾನೇ ಹೆಸರಿಟ್ರು. ನಮ್ಮ ಕೊಡಗಿನ ಕಿತ್ತಳೆನೂ ಅದೇ ಜಾತಿದು, ತೋಟಗಾರಿಕೆಯೋರು ಬರೆಯುವಾಗ ಕೂರ್ಗ್ ಮ್ಯಾಂಡರಿನ್ ಅಂತ ಬರೀತಾರೆ. ಅಂದ್ರೆ ಈ ಪದ ಸಂಸ್ಕೃತದಿಂದ ಮಲಯಕ್ಕೆ ಹೋಗಿ, ಪೋರ್ಚುಗೀಸರ ಹಡಗು ಹತ್ತಿ ಚೀನಾ ನೋಡಿ, ಇಂಗ್ಲಿಷ್‌ಗೆ ಬಂದು, ಕೊನೆಗೆ ಮಡಿಕೇರಿ ಕಡೆ ತೋಟದಲ್ಲಿ ಬಂದು ಇಳೀತು. ನಮ್ಮಮ್ಮ ಕುಶಾಲನಗರದೋರು, ಅವರಿಗೆ ಫೋನಲ್ಲಿ ಇದನ್ನ ಹೇಳಿದಾಗ ಎಷ್ಟೊತ್ತು ಸುಮ್ನಿದ್ದು "ಹೌದಾ ಮಗಾ" ಅಂದ್ರು.

ಡೆಸ್ಕ್_ಕನ್ನಡ

ಸಚಿವ ಪ್ರಶ್ನೆಗೆ ನಾನ್ ಹೇಳ್ತೀನಿ, ಪತ್ರಿಕೆಲಿ ಅನುವಾದದ ಕೆಲಸ ಹನ್ನೆರಡು ವರ್ಷದಿಂದ ಮಾಡ್ತಾ ಇದೀನಿ. ಕನ್ನಡದಲ್ಲಿ ಮಂತ್ರಿ ಮತ್ತು ಸಚಿವ ಹುದ್ದೆ ಮಟ್ಟಿಗೆ ಎರಡೂ ಒಂದೇ. ಮುಖ್ಯಮಂತ್ರಿ, ಪ್ರಧಾನ ಮಂತ್ರಿ ಅನ್ನೋದು ನಾಲಿಗೆಗೆ ಕೂತಿದೆ, ಉಳಿದೋರಿಗೆ ಸಚಿವರು, ಸಚಿವ ಸಂಪುಟ ಅಂತ ರೂಢಿ ಆಗಿದೆ, ಮುಖ್ಯಸಚಿವ ಅಂತ ಯಾರೂ ಹೇಳಲ್ಲ. ಎಚ್ಚರ ಇರ್ಬೇಕಾಗಿರೋದು ಹಿಂದಿಯಿಂದ ಅನುವಾದ ಮಾಡುವಾಗ. ಹಿಂದಿಲಿ ಸಚಿವ್ ಅಂದ್ರೆ ಸೆಕ್ರೆಟರಿ, ಐಎಎಸ್ ಅಧಿಕಾರಿ, ನಮ್ಮ ಕಾರ್ಯದರ್ಶಿ. ಅವರ ಮುಖ್ಯ ಸಚಿವ್ ಅಂದ್ರೆ ನಮ್ಮ ಮುಖ್ಯ ಕಾರ್ಯದರ್ಶಿ. ನಾನು ಕೆಲಸಕ್ಕೆ ಸೇರಿದ ಹೊಸದ್ರಲ್ಲಿ ಒಂದು ರಾಜ್ಯದ ಗೃಹ ಕಾರ್ಯದರ್ಶಿ ಹೇಳಿದ ಮಾತನ್ನ ಗೃಹ ಸಚಿವರು ಹೇಳಿದ್ರು ಅಂತ ಬರೆದುಬಿಟ್ಟಿದ್ದೆ, ರಾತ್ರಿ ಪುಟ ಹೋಗೋ ಮುಂಚೆ ಹಿರಿಯರೊಬ್ಬರು ಹಿಡಿದ್ರು. ಅಧಿಕಾರಿ ಮಾತು ಬೇರೆ, ಗೆದ್ದು ಬಂದೋರ ಮಾತು ಬೇರೆ, ಅದನ್ನ ಅದಲು ಬದಲು ಮಾಡಿದ್ರೆ ಸುದ್ದಿನೇ ತಪ್ಪು. ಅವತ್ತಿಂದ ಆ ಪದ ಕಂಡ್ರೆ ಎರಡು ಸಲ ನೋಡ್ತೀನಿ.

ಸಚಿವ ಅನ್ನೋದರ ಮೂಲ ಅರ್ಥ ಜೊತೆಗಾರ, ಸಂಗಾತಿ. 'ಸಚ್' ಧಾತು, ಜೊತೆಗಿರು, ಹಿಂದೆ ಹೋಗು ಅಂತ. ಹಳೇ ರಾಜ್ಯಶಾಸ್ತ್ರದಲ್ಲಿ ಬರೋ ಇನ್ನೊಂದು ಪದ ಅಮಾತ್ಯ, ಅದೂ ಇದೇ ಥರ. ಅಮಾ ಅಂದ್ರೆ ಜೊತೆಗೆ, ಮನೇಲಿ ಅಂತ. ಅಮಾವಾಸ್ಯೆಲಿರೋದೂ ಅದೇ ಅಮಾ, ಸೂರ್ಯ ಚಂದ್ರ ಜೊತೆಯಾಗಿ ವಾಸ ಮಾಡೋ ದಿನ. ಅಮಾತ್ಯ ಅಂದ್ರೆ ಮನೆಯವನು, ಹತ್ತಿರದೋನು. ತಮಿಳಿನವರು ಮಂತ್ರಿಗೆ ಅಮೈಚ್ಚರ್ ಅನ್ನೋದು ಈ ಅಮಾತ್ಯದಿಂದ್ಲೇ. ಒಟ್ಟಲ್ಲಿ ನೋಡಿ, ಹತ್ತಿರ ಇರೋನು ಅಮಾತ್ಯ, ಜೊತೆ ಬರೋನು ಸಚಿವ, ಯೋಚನೆ ಮಾಡೋನು ಮಂತ್ರಿ. ಆಜ್ಞೆ ಮಾಡೋನು ಅನ್ನೋ ಅರ್ಥ ಮೂರರಲ್ಲಿ ಒಂದಕ್ಕೂ ಮೂಲದಲ್ಲಿಲ್ಲ.

ನಿವೃತ್ತ_ಮೇಷ್ಟ್ರು

ಡೆಸ್ಕ್‌ನವರು ಬಹಳ ಚೆನ್ನಾಗಿ ಹೇಳಿದ್ರಿ. ಇದಕ್ಕೆ ಕೌಟಿಲ್ಯನ ಅರ್ಥಶಾಸ್ತ್ರ ಅನ್ನೋ ಹಳೇ ರಾಜನೀತಿ ಗ್ರಂಥದ ಮಾತು ಸೇರಿಸ್ಬೇಕು, ಅದು ಮೈಸೂರಿಗೂ ಸೇರಿದ ವಿಷ್ಯ. ಆ ಗ್ರಂಥ ಶತಮಾನಗಟ್ಟಲೆ ಕೈಗೆ ಸಿಕ್ಕಿರ್ಲಿಲ್ಲ, ಹೆಸರು ಮಾತ್ರ ಗೊತ್ತಿತ್ತು, ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಬಂದ ತಾಳೆಗರಿಯಲ್ಲಿ ಅದನ್ನ 1905ರ ಹೊತ್ತಿಗೆ ಗುರುತಿಸಿದ್ದು ಆರ್. ಶಾಮಾಶಾಸ್ತ್ರಿಗಳು, 1909ರಲ್ಲಿ ಅಚ್ಚು ಹಾಕಿಸಿದ್ರು. ನಾನು ಓದೋ ಕಾಲದಲ್ಲಿ ಆ ಕಟ್ಟಡದ ಮುಂದೆ ಹೋಗುವಾಗೆಲ್ಲ ಕೈ ಮುಗೀಬೇಕು ಅನ್ಸೋದು.

ಅದರಲ್ಲಿ ಕೌಟಿಲ್ಯ ಅಮಾತ್ಯರಿಗೂ ಮಂತ್ರಿಗಳಿಗೂ ಸ್ಪಷ್ಟವಾಗಿ ಗೆರೆ ಎಳೀತಾನೆ. ಯೋಗ್ಯತೆ ಇರೋರನ್ನೆಲ್ಲ ಅಮಾತ್ಯರನ್ನಾಗಿ ಮಾಡ್ಕೋಬಹುದು, ಮಂತ್ರಿಗಳನ್ನಾಗಿ ಮಾತ್ರ ಅಲ್ಲ ಅಂತ. ಅಮಾತ್ಯ ಅಂದ್ರೆ ಕೆಲಸ ಮಾಡೋ ಅಧಿಕಾರಿ. ಮಂತ್ರಿ ಆಗ್ಬೇಕು ಅಂದ್ರೆ ನಾಲ್ಕು ಥರದ ಪರೀಕ್ಷೆ, ಧರ್ಮದ್ದು, ದುಡ್ಡಿನದ್ದು, ಕಾಮದ್ದು, ಭಯದ್ದು, ನಾಲ್ಕರಲ್ಲೂ ಜಾರದೇ ಇರೋನು ಮಾತ್ರ. ದುಡ್ಡಿನ ಪರೀಕ್ಷೆ ಒಂದನ್ನೇ ಪಾಸಾದೋನಿಗೆ ಖಜಾನೆ ಕೆಲಸ ಕೊಡು, ಅಷ್ಟಕ್ಕೇ ನಿಲ್ಲಿಸು ಅಂತಾನೆ. ಎಷ್ಟು ಜನ ಮಂತ್ರಿಗಳ ಜೊತೆ ಆಲೋಚನೆ ಮಾಡ್ಬೇಕು ಅನ್ನೋದಕ್ಕೂ ಉತ್ತರ ಇದೆ. ಒಬ್ಬನೇ ಆದ್ರೆ ಅವನಿಗೆ ಕಡಿವಾಣ ಇರಲ್ಲ. ಇಬ್ಬರಾದ್ರೆ, ಅವರು ಒಂದಾದ್ರೆ ರಾಜನ್ನೇ ಹಿಡ್ಕೋತಾರೆ, ಜಗಳ ಆಡಿದ್ರೆ ರಾಜ ಹಾಳಾಗ್ತಾನೆ. ಅದಕ್ಕೆ ಮೂರೋ ನಾಲ್ಕೋ ಸರಿ. ಇನ್ನು ದೊಡ್ಡ ಪರಿಷತ್ತಿನ ವಿಷ್ಯಕ್ಕೆ ಬಂದ್ರೆ ಮನುವಿನ ಪಂಥದೋರು ಹನ್ನೆರಡು ಅಂತಾರೆ, ಬೃಹಸ್ಪತಿಯ ಪಂಥದೋರು ಹದಿನಾರು, ಶುಕ್ರಾಚಾರ್ಯರ ಪಂಥದೋರು ಇಪ್ಪತ್ತು, ಕೌಟಿಲ್ಯ ಹೇಳೋದು ರಾಜ್ಯಕ್ಕೆ ಎಷ್ಟು ಬೇಕೋ ಅಷ್ಟು. ಅಲ್ಲೇ ಒಂದು ಮಾತು ಬರುತ್ತೆ, ಮಗುವಿಗೆ ಇದನ್ನ ಖಂಡಿತ ಹೇಳಿ: ಇಂದ್ರನಿಗೆ ಸಾವಿರ ಕಣ್ಣು ಅಂತಾರಲ್ಲ, ಅವನಿಗೆ ಇರೋದು ಎರಡೇ ಕಣ್ಣು, ಅವನ ಮಂತ್ರಿಪರಿಷತ್ತಲ್ಲಿ ಸಾವಿರ ಋಷಿಗಳು, ಅವರೇ ಅವನ ಕಣ್ಣು. ನಲವತ್ತು ವರ್ಷ ಪಾಠ ಮಾಡಿದೀನಿ, ಸಲಹೆಗಾರ ಅಂದ್ರೆ ಯಾರು ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ವಿವರಣೆ ನಾನು ಕಂಡಿಲ್ಲ.

ಇನ್ನೊಂದು ಮುಖ್ಯ, ಮಂತ್ರ ಅನ್ನೋದಕ್ಕೆ ಗುಟ್ಟು ಅನ್ನೋ ಅರ್ಥ ಯಾವಾಗ್ಲೂ ಅಂಟ್ಕೊಂಡೇ ಇದೆ. ಆಲೋಚನೆ ಮಾಡೋ ಜಾಗಕ್ಕೆ ಹಕ್ಕಿನೂ ಇಣುಕಬಾರದು, ಗಿಳಿ ಮತ್ತು ಗೊರವಂಕಗಳಿಂದ ಮಂತ್ರ ಬಯಲಾದ ಕಥೆ ಕೇಳಿದೀವಿ ಅಂತಾನೆ ಕೌಟಿಲ್ಯ, ನಿದ್ದೇಲಿ ಬಡಬಡಿಸೋದ್ರಿಂದ್ಲೂ ಕುಡಿತದಿಂದ್ಲೂ ಗುಟ್ಟು ಹೊರಬೀಳುತ್ತೆ ಅಂತಾನೆ. ಪಂಚತಂತ್ರದಲ್ಲಿ ಆರು ಕಿವಿಗೆ ಬಿದ್ದ ಮಂತ್ರ ಒಡೆಯುತ್ತೆ ಅಂತ ಬರುತ್ತೆ, ಆರು ಕಿವಿ ಅಂದ್ರೆ ಮೂರು ಜನ. ಆ ಪಂಚತಂತ್ರನ ಸುಮಾರು ಸಾವಿರ ವರ್ಷದ ಹಿಂದೆ ಕನ್ನಡಕ್ಕೆ ತಂದ ದುರ್ಗಸಿಂಹ ತಾನೇ ಕಲ್ಯಾಣದ ಚಾಲುಕ್ಯ ಜಯಸಿಂಹನ ಹತ್ರ ಸಂಧಿವಿಗ್ರಹಿ ಆಗಿದ್ದೋನು, ಯಾರ ಜೊತೆ ಸಂಧಿ, ಯಾರ ಜೊತೆ ಯುದ್ಧ ಅಂತ ನೋಡ್ಕೊಳ್ಳೋ ಮಂತ್ರಿ. ವ್ಯಾಕರಣದಲ್ಲೂ ಅದೇ ಎರಡು ಪದ ನೋಡಿ, ಕೂಡಿಸೋದು ಸಂಧಿ, ಬಿಡಿಸಿ ಹೇಳೋದು ವಿಗ್ರಹ ವಾಕ್ಯ. ಈಗ್ಲೂ ಮಂತ್ರಿ ಆಗುವಾಗ "ಅಧಿಕಾರ ಮತ್ತು ಗೋಪ್ಯತೆಯ ಪ್ರಮಾಣ ವಚನ" ಅಂತ ಟೀವಿಲಿ ಹೇಳ್ತಾರಲ್ಲ, ಬರೀ ಶಾಸಕರಾದ್ರೆ ಗೋಪ್ಯತೆಯ ಪ್ರಮಾಣ ಇಲ್ಲ, ಮಂತ್ರಿಗೆ ಮಾತ್ರ. ಸಂವಿಧಾನದ 74ನೇ ವಿಧಿಲೂ ಮಂತ್ರಿಮಂಡಲದ ಕೆಲಸ ಅಂತ ಹೇಳಿರೋದು ರಾಷ್ಟ್ರಪತಿಗಳಿಗೆ ನೆರವು ಮತ್ತು ಸಲಹೆ ಕೊಡೋದು, 163ರಲ್ಲಿ ರಾಜ್ಯಪಾಲರಿಗೆ. ಅಧಿಕಾರ ಎಲ್ಲ ಇವರ ಕೈಲೇ ಇದ್ರೂ ಕಾಗದದ ಮೇಲೆ ಇವತ್ತಿಗೂ ಮಂತ್ರಿ ಅಂದ್ರೆ ಸಲಹೆ ಕೊಡೋನೇ.

ಧಾರವಾಡ_ಫೇಡೆ

ಮೇಷ್ಟ್ರ, ಭಾಳ ಛಲೋ ಹೇಳೀರಿ. ನಮ್ಮ ಕಡೆ ಪದಾನೂ ಒಂದೆರಡು ಸೇರಸ್ತೀನಿ. ನಮ್ಮ ಅಜ್ಜ ವಕೀಲರ ಹತ್ರ ಗುಮಾಸ್ತ ಇದ್ದ, ಅವನ ಬಾಯಾಗ ಯಾವಾಗಲೂ ಎರಡು ಮಾತು, ದಿವಾಣಿ ದಾವೆ, ಫೌಜದಾರಿ ದಾವೆ. ಸಿವಿಲ್ ಅಂದ್ರ ದಿವಾಣಿ. ಅದು ಮೈಸೂರಿನ ದಿವಾನರ ದಿವಾನ್ ಐತಲ್ರಿ, ಅದೇ ಪದ. ಪಾರ್ಸಿಯೊಳಗ ದೀವಾನ್ ಅಂದ್ರ ಲೆಕ್ಕದ ದಫ್ತರ, ಆಮ್ಯಾಲೆ ಆ ದಫ್ತರ ಇಡೋ ಕಚೇರಿ, ಆಮ್ಯಾಲೆ ಆ ಕಚೇರಿ ನೋಡ್ಕೊಳ್ಳೋ ಮನುಷ್ಯಾ. ಪೂರ್ಣಯ್ಯ, ರಂಗಾಚಾರ್ಲು, ಶೇಷಾದ್ರಿ ಅಯ್ಯರ್, 1912ರಿಂದ 1918ರ ತನಕ ವಿಶ್ವೇಶ್ವರಯ್ಯ, 1926ರಿಂದ ಮಿರ್ಜಾ ಇಸ್ಮಾಯಿಲ್, ಇವರೆಲ್ಲಾ ದಿವಾನರು. ಕವಿತಾ ಕೂಡಿಸಿ ಇಟ್ಟ ಪುಸ್ತಕಕ್ಕೂ ದೀವಾನ್ ಅಂತಾರ. ಕಚೇರಿಯೊಳಗ ಗೋಡೆಗೆ ಹಚ್ಚಿ ಹಾಸಿದ ಮೆತ್ತನ್ನ ಬೈಠಕ್ಕಿಗೂ ಅದೇ ಹೆಸರು ಬಂತು, ಈಗ ಫರ್ನಿಚರ್ ಅಂಗಡ್ಯಾಗ ದಿವಾನ್ ಕಾಟ್ ಅಂತ ಮಾರ್ತಾರಲ್ರಿ, ಅದೂ ಇದೇ ಮನೆತನ. ಅಂದ್ರ ಮಂತ್ರಿ ಯೋಚನೆಯಿಂದ ಬಂದ, ದಿವಾನ ಲೆಕ್ಕದ ಪುಸ್ತಕದಿಂದ ಬಂದ.

ಮೇಷ್ಟ್ರು ಸಲಹೆ ಅರಬ್ಬಿಯಿಂದ ಬಂದದ್ದು ಅಂದ್ರು, ಖರೆ ಐತಿ. ಅದರ ಒಡಹುಟ್ಟಿದ್ದು ಮಸಲತ್ತು. ಮಸ್ಲಹತ್ ಅಂತ ಅರಬ್ಬಿಯೊಳಗ, ಒಳಿತು, ಹಿತದ ವಿಚಾರ ಅಂತ ಅರ್ಥ. ನಮ್ಮ ಕಡೆ ಬಂದು ಏನಾಯ್ತು ನೋಡ್ರಿ, "ಇಬ್ಬರೂ ಕೂಡಿ ಏನೋ ಮಸಲತ್ತು ನಡಿಸ್ಯಾರ" ಅಂದ್ರ ಯಾರದೋ ಮನೀ ಮುರಿಯೋ ಕೆಲಸ ಅಂತನ ಅರ್ಥ. ಒಂದ ಬೇರಿನ ಎರಡು ಪದ, ಒಂದು ಸಲಹೆ ಆಗಿ ಮಾನದಿಂದ ಉಳೀತು, ಇನ್ನೊಂದು ಕೆಟ್ಟ ಹೆಸರು ತಗೊಂಡ್ತು. ನನಗನಸ್ತದ ಗುಟ್ಟಾಗಿ ಮಾತಾಡೋದು ಅಂದ್ರ ಹೊರಗ ನಿಂತವರಿಗೆ ಯಾವಾಗಲೂ ಸಂಶಯನ. ರಾಜನ ಕಿವಿ ಹಿತ್ತಾಳೆ ಕಿವಿ ಆದ್ರಂತೂ ಮುಗೀತು, ಸಲಹೆ ಯಾವುದು ಮಸಲತ್ತು ಯಾವುದು ಅವನಿಗೇ ತಿಳಿಯಂಗಿಲ್ಲ.

ತುಂಗಾತೀರ

ಮೇಷ್ಟ್ರೇ ತಿದ್ದಿದ್ದಕ್ಕೆ ಥ್ಯಾಂಕ್ಸ್, ಓದಿದ್ದನ್ನ ಪರೀಕ್ಷೆ ಮಾಡ್ದೆ ಹೇಳ್ಬಿಟ್ಟಿದ್ದೆ. ಸಂಸ್ಕೃತ ಪಾರ್ಸಿ ಬಿಟ್ಟು ನಮ್ಮದೇ ಪದ ಇರ್ಲಿಲ್ವಾ ಹಾಗಾದ್ರೆ? ಶಾಸನಗಳಲ್ಲಿ?

ನಿವೃತ್ತ_ಮೇಷ್ಟ್ರು

ಇತ್ತಲ್ಲ, ಪೆರ್ಗಡೆ. ಮುಂದಿರೋ ಪೆರ್ ಅಂದ್ರೆ ಹಿರಿದು, ದೊಡ್ಡದು. ಪಕಾರ ಹಕಾರ ಆಗಿ ಹೆಗ್ಗಡೆ, ಈಗ ಹೆಗಡೆ, ಹೆಗ್ಡೆ ಅಂತ ಮನೆತನದ ಹೆಸರು. ಚಾಲುಕ್ಯರ ಶಾಸನಗಳಲ್ಲಿ ಅರಮನೆ ನೋಡ್ಕೊಳ್ಳೋನು ಮನೆವೆರ್ಗಡೆ, ಸುಂಕ ನೋಡ್ಕೊಳ್ಳೋನು ಸುಂಕವೆರ್ಗಡೆ. ಇವರು ಆಡಳಿತ ಮಾಡೋರು, ಬರೀ ಸಲಹೆ ಕೊಡೋರಲ್ಲ. ಮೇಲಿನ ಹಂತಕ್ಕೆ ಮಹಾಪ್ರಧಾನ, ದಂಡನಾಯಕ ಅಂತ ಸಂಸ್ಕೃತದ ಬಿರುದುಗಳೇ, ಹೊಯ್ಸಳರ ಕಾಲದಲ್ಲಿ ಒಬ್ಬನಿಗೇ ಎರಡೂ ಇರೋದು ಸಾಮಾನ್ಯ. ಕೃಷ್ಣದೇವರಾಯನ ಮಹಾಪ್ರಧಾನ ಸಾಳುವ ತಿಮ್ಮರಸು, ಅವರನ್ನ ರಾಜ ಅಪ್ಪಾಜಿ ಅಂತ ಕರೀತಿದ್ದ, ಬಿರುದುಗಳೆಲ್ಲ ಒಂದು ಕಡೆ, ಆ ಅಪ್ಪಾಜಿ ಒಂದು ಕಡೆ. ಇನ್ನು ನಮ್ಮ ಹಳೇ ಮೈಸೂರು ಹಳ್ಳಿಗಳಲ್ಲಿ ದೊಡ್ಡೋರನ್ನ "ಬುದ್ಧೀ" ಅಂತಾನೇ ಕರೆಯೋದು ಕೇಳಿರ್ತೀರ, "ಏನ್ ಬುದ್ಧೀ, ಊಟ ಆಯ್ತಾ" ಅಂತ.

ಚೆಸ್ ವಿಷ್ಯ ಯಾರೂ ಮುಟ್ಟಿಲ್ಲ, ಅದು ನನ್ನ ಕ್ಷೇತ್ರ ಅಲ್ಲ, ತಿಳಿದೋರು ಹೇಳಿ.

ಕಪ್ಪು_ಬಿಳಿ_ಮನೆ

ನಾನ್ ಹೇಳ್ತೀನಿ ಸರ್, ಮಕ್ಕಳಿಗೆ ಚೆಸ್ ಹೇಳ್ಕೊಡ್ತೀನಿ. ಅಕ್ಕಾ, ನಿಮ್ ಮಾವನವರು ಹೇಳಿದ್ದೇ ಹಳೇದು. ಚತುರಂಗದಲ್ಲಿ ರಾಜನ ಪಕ್ಕ ಇದ್ದಿದ್ದು ಮಂತ್ರಿನೇ. ಆಟ ಪರ್ಷಿಯಾಕ್ಕೆ ಹೋದಾಗ ಅವರು ಫರ್ಜೀನ್ ಅಂದ್ರು, ಅದೂ ಸಲಹೆಗಾರನೇ, ಅರಬ್ಬರಿಗೆ ಫಿರ್ಜಾನ್, ರಷ್ಯಾದೋರು ಇವತ್ತಿಗೂ ಫೆರ್ಜ್ ಅಂತಾರೆ. ತುರ್ಕಿಲಿ ವಜೀರ್, ಹಿಂದಿಲೂ ವಜೀರ್, ಮಲಯ್ ಭಾಷೇಲಿ ಮೆಂತೆರಿ. ಯುರೋಪಿಗೆ ಹೋದ್ಮೇಲೆ ಅಲ್ಲಿ ರಾಜನ ಪಕ್ಕ ರಾಣಿ ಬಂದ್ಲು. ಆದ್ರೆ ಒಂದು ವಿಷ್ಯ ಮಾವನವರಿಗೂ ಹೇಳಿ, ಆ ಹಳೇ ಮಂತ್ರಿಗೆ ಇವತ್ತಿನ ಶಕ್ತಿ ಇರ್ಲಿಲ್ಲ. ಮೂಲೆಯಿಂದ ಮೂಲೆಗೆ ಒಂದೇ ಒಂದು ಮನೆ ನಡೀತಿದ್ದ, ರಾಜನ ಹತ್ರಾನೇ ಇರ್ತಿದ್ದ. ಬೋರ್ಡ್ ತುಂಬ ಎಲ್ಲಿ ಬೇಕಾದ್ರೂ ಓಡಾಡೋ ನಡೆ ಬಂದಿದ್ದು ಹದಿನೈದನೇ ಶತಮಾನದ ಕೊನೇಲಿ, ಸ್ಪೇನ್ ಕಡೆ, ರಾಣಿ ಆದ್ಮೇಲೆ. ಹಂಗಾಗಿ ಹೆಸರು ತಾತಂದು ಸರಿ, ನಡೆ ಮೊಮ್ಮಗಂದು ಸರಿ. ನಾನು ಕ್ಲಾಸಲ್ಲಿ ಎರಡೂ ಹೆಸರು ಹೇಳ್ಕೊಡ್ತೀನಿ, ಟೂರ್ನಮೆಂಟಲ್ಲಿ ಕ್ವೀನ್ ಅನ್ನೋದು ಬೇಕಾಗುತ್ತೆ, ಆದ್ರೆ ಮಂತ್ರಿ, ಆನೆ, ಕುದುರೆ, ಒಂಟೆ ಅಂತ ಅಂದಾಗ ಮಕ್ಕಳ ಕಣ್ಣಲ್ಲಿ ಒಂದು ಸೈನ್ಯ ಕಾಣುತ್ತೆ, ಅದನ್ನ ಬಿಟ್ಕೊಡೋಕೆ ನನಗೆ ಇಷ್ಟ ಇಲ್ಲ.

ಹುಣಸೂರಿನ_ಸೊಸೆ

ಎಲ್ರಿಗೂ ತುಂಬಾ ತುಂಬಾ ಧನ್ಯವಾದ. ರಾತ್ರಿ ಊಟ ಆದ್ಮೇಲೆ ಎಲ್ಲಾನೂ ಜೋರಾಗಿ ಓದಿ ಹೇಳ್ದೆ. ಮಾವನವರು ಇಂದ್ರನ ಸಾವಿರ ಕಣ್ಣಿನ ಮಾತನ್ನ ಎರಡು ಸಲ ಓದಿಸಿದ್ರು. ಯಜಮಾನ್ರು ಮಿನಿಸ್ಟರ್ ವಾದ ಬಿಟ್ಟಿದಾರೆ. ಮಗನಿಗೆ ಕಿತ್ತಳೆ ಹಣ್ಣಿನ ಕಥೆ ಇಷ್ಟ ಆಯ್ತು, ನಾಳೆ ಟಿಫನ್ ಬಾಕ್ಸಿಗೆ ಮಂತ್ರಿ ಹಣ್ಣು ಹಾಕು ಅಂದ.

ಕೊನೇದಾಗಿ ಒಂದು, ಮಾವನವರು ಕೇಳಿದ್ದು: ಮದುವೆ ಆಮಂತ್ರಣ ಪತ್ರಿಕೆ ಅಂತೀವಲ್ಲ, ಅದರಲ್ಲಿರೋ ಮಂತ್ರಾನೂ ಇದೇನಾ?

ನಿವೃತ್ತ_ಮೇಷ್ಟ್ರು

ಇದೇ ತಾಯಿ. ಮಂತ್ರಿಸು ಅಂದ್ರೆ ಮಾತಾಡು, ಅದಕ್ಕೆ 'ಆ' ಸೇರಿದ್ರೆ ಎದುರಿಗಿರೋರನ್ನ ಉದ್ದೇಶಿಸಿ ಮಾತಾಡೋದು, ಕರೆಯೋದು. ನಿಮಂತ್ರಣ ಅನ್ನೋದೂ ಅದೇ ಗುಂಪು. ನಾವೀಗ ಎರಡನ್ನೂ ಒಂದೇ ಥರ ಬಳಸ್ತೀವಿ, ಆದ್ರೆ ಪಾಣಿನಿ ಎರಡನ್ನೂ ಬೇರೆ ಬೇರೆ ಹೆಸರಿಸ್ತಾನೆ, ವ್ಯಾಖ್ಯಾನದೋರು ವ್ಯತ್ಯಾಸ ಬಿಡಿಸಿ ಹೇಳ್ತಾರೆ. ನಿಮಂತ್ರಣ ಅಂದ್ರೆ ತಪ್ಪಿಸೋ ಹಾಗಿಲ್ಲ, ಕರೆದ್ರೆ ಬರ್ಲೇಬೇಕು, ಶ್ರಾದ್ಧಕ್ಕೆ ಕರೀತಾರಲ್ಲ ಆ ಥರ. ಆಮಂತ್ರಣ ಅಂದ್ರೆ ಬರೋದು ಬಿಡೋದು ಕರೆಸ್ಕೊಂಡೋರ ಇಷ್ಟ. ಮದುವೆ ಕಾರ್ಡಲ್ಲಿ ಆಮಂತ್ರಣ ಅಂತ ಅಚ್ಚು ಹಾಕಿಸೋದು ಸರಿಯಾಗೇ ಇದೆ ಅಂತ ಮಾವನವರಿಗೆ ಹೇಳಿ.